ಪುಕ್ಕಲು ನಾಯಿಮರಿಗೆ ಧೈರ್ಯ ಬರಿಸುವುದು: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಲೆನಾಡಿನಲ್ಲಿ ನಾಯಿ ತರುವುದೇ ಹೆಚ್ಚಾಗಿ ಕಾವಲಿಗೆ. ತೋಟದ ಮಧ್ಯೆ ಒಂಟಿ ಮನೆ, ಹಗಲು ಮಂಗಗಳ ಕಾಟ, ರಾತ್ರಿ ಕಾಡುಹಂದಿ. ನಾಯಿ ಅಂದಮೇಲೆ ಜೋರಿರಬೇಕು ಅನ್ನುವುದು ಎಲ್ಲರ ಬಯಕೆ. ಹಾಗಿರುವಾಗ ತಂದ ಮರಿ ಒರಳುಕಲ್ಲಿನ ಹಿಂದೆ ಸೇರಿಕೊಂಡು, ಕುಕ್ಕರ್ ಕೂಗಿದರೂ ನಡುಗುತ್ತ, ನೆಂಟರು ಬಂದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡರೆ "ಇದೆಂಥ ಪುಕ್ಕಲು ಮರಿ ತಂದ್ಯಾ ಮಾರಾಯ" ಅನ್ನುವ ಮಾತು ಬಂದೇ ಬರುತ್ತದೆ. ಬೆನ್ನಿಗೇ ಸಲಹೆ: ಸರಪಳಿ ಹಾಕಿ ಜಗಲಿ ಮುಂದೆ ಕಟ್ಟು, ನಾಲ್ಕು ಜನರನ್ನು ನೋಡಿ ತನ್ನಿಂದ ತಾನೇ ಸರಿಹೋಗುತ್ತದೆ.

ಸರಿಹೋಗುವುದಿಲ್ಲ. ಕಟ್ಟಿದ ಮರಿಗೆ ಓಡಲು ದಾರಿ ಇಲ್ಲ. ಓಡಲಾಗದ ಪ್ರಾಣಿಗೆ ಉಳಿಯುವುದು ಎರಡೇ, ಮರಗಟ್ಟಿ ಕೂರುವುದು ಇಲ್ಲವೇ ಕಚ್ಚುವುದು. ಊರಿನಲ್ಲಿ "ಭಾರಿ ಜೋರು" ಎಂದು ಹೆಸರಾದ ಎಷ್ಟೋ ಕಟ್ಟುನಾಯಿಗಳು ಹಲ್ಲು ತೋರಿಸುವುದು ಹೆದರಿಕೆಯಿಂದಲೇ. ಅಂಥ ನಾಯಿ ಕಳ್ಳನನ್ನೂ ಕಚ್ಚುತ್ತದೆ, ಹಾಲು ಕೊಡಲು ಬಂದ ಪಕ್ಕದ ಮನೆಯ ಹುಡುಗನನ್ನೂ ಕಚ್ಚುತ್ತದೆ.

ಕೆಳಗಿನ ಎಲ್ಲ ಹಂತಗಳ ಬುಡದಲ್ಲಿ ಇರುವುದು ಒಂದೇ ನಿಯಮ. ಹಿಂದೆ ಸರಿಯಲು ದಾರಿ ಇದೆ ಎಂದು ಖಾತ್ರಿಯಾದ ಮರಿಯೇ ತಾನಾಗಿ ಮುಂದೆ ಬರುತ್ತದೆ. ಎಷ್ಟು ಹತ್ತಿರ, ಎಷ್ಟು ಹೊತ್ತು ಎಂಬುದನ್ನು ಮರಿಗೇ ಬಿಡಬೇಕು. ಹತ್ತಿರ ಬಂದಾಗಲೆಲ್ಲ ಅದಕ್ಕೆ ಒಳ್ಳೆಯದಾಗುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.

ಮೊದಲು ಮರಿಯನ್ನು ನೋಡಲು ಕಲಿಯಿರಿ

ಬಾಲ ಮುದುರುವುದು, ನಡುಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಷ್ಟು ಹೊತ್ತಿಗೆ ಹೆದರಿಕೆ ಮಿತಿ ಮೀರಿರುತ್ತದೆ. ಅದಕ್ಕೂ ಮುಂಚೆ ಕಾಣಿಸುವ ಚಿಕ್ಕ ಲಕ್ಷಣಗಳಿವೆ: ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಂಗಾಲೊಂದನ್ನು ಎತ್ತಿ ನಿಲ್ಲುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು, ಸೆಕೆಯಿಲ್ಲದೆ ತೇಕುವುದು. ಇವು ಕಂಡಾಗಲೇ ನಾಲ್ಕು ಹೆಜ್ಜೆ ಹಿಂದೆ ಹೋಗಬೇಕು.

ಇನ್ನೂ ಸುಲಭದ ಪರೀಕ್ಷೆಯೆಂದರೆ ತಿಂಡಿ. ಮನೆಯೊಳಗೆ ಆಸೆಯಿಂದ ತಿನ್ನುವ ಮೊಟ್ಟೆಯ ಚೂರನ್ನೇ ಅಂಗಳದಲ್ಲಿ ಮೂಸಿಯೂ ನೋಡದಿದ್ದರೆ ಅಲ್ಲಿನ ಯಾವುದೋ ಒಂದು ಅದಕ್ಕೆ ತಡೆಯಲಾರದಷ್ಟು ಹತ್ತಿರವಿದೆ ಎಂದರ್ಥ. ಹಟಮಾರಿತನ ಎಂದುಕೊಳ್ಳಬೇಡಿ. ದೂರ ಹೋಗಿ ಮತ್ತೆ ಕೊಡಿ. ತಿಂದಿತೋ, ನೀವು ಕೆಲಸ ಶುರುಮಾಡಬೇಕಾದ ಜಾಗ ಅದೇ.

ಮರಿ ಗುರುಗುಟ್ಟಿದರೆ ಗದರಬೇಡಿ. ಗುರ್ ಅನ್ನುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಬೈದು ಆ ದನಿಯನ್ನು ಅಡಗಿಸಿದರೆ ಹೆದರಿಕೆ ಒಳಗೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಇಲ್ಲವಾಗುತ್ತದೆ. ಮುಂದೊಂದು ದಿನ ಸದ್ದಿಲ್ಲದೆ ಬಾಯಿ ಹಾಕುತ್ತದೆ.

ವಯಸ್ಸಿನ ಲೆಕ್ಕ

ನಾಯಿಮರಿ ಲೋಕವನ್ನು ಸಲೀಸಾಗಿ ಒಪ್ಪಿಕೊಳ್ಳುವ ಕಾಲ ಸುಮಾರು ಮೂರನೇ ವಾರದಿಂದ ಹನ್ನೆರಡು–ಹದಿನಾಲ್ಕನೇ ವಾರದವರೆಗೆ. ಇದು ಬರೀ ಅನುಭವದ ಮಾತಲ್ಲ. ಅಮೆರಿಕದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ಜನರಿಂದ ದೂರವೇ ಉಳಿದವು. ಕೊಟ್ಟಿಗೆಯ ಮೂಲೆಯಲ್ಲೋ ಸೌದೆ ಒಟ್ಟಿದ ಜಾಗದಲ್ಲೋ ಹುಟ್ಟಿ, ಯಾರ ಕೈಯೂ ತಾಗದೆ ಎರಡೂವರೆ ತಿಂಗಳು ಕಳೆದ ಮರಿ ನಿಮ್ಮ ಮನೆಗೆ ಬಂದು ಅಂಜುತ್ತಿದ್ದರೆ ಅದು ಅದರ ತಪ್ಪಲ್ಲ.

ನಮ್ಮ ಕಡೆ ಕಣ್ಣು ಬಿಟ್ಟು ನಡೆಯತೊಡಗಿದ ಕೂಡಲೇ, ತಿಂಗಳು ತುಂಬುವುದರೊಳಗೆ ಮರಿ ಕೊಟ್ಟುಬಿಡುವ ರೂಢಿ ಇದೆ. ದಯವಿಟ್ಟು ಎಂಟು ವಾರ ತಾಯಿಯ ಜೊತೆ ಬಿಡಿ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋಯುತ್ತದೆ, ಸೋತಾಗ ಹೇಗೆ ಸುಮ್ಮನಾಗಬೇಕು ಎಂಬುದನ್ನು ಅದು ಒಡಹುಟ್ಟಿದ ಮರಿಗಳ ಜೊತೆ ಉರುಳಾಡುತ್ತಲೇ ಕಲಿಯುವುದು. ನಾವು ಆಮೇಲೆ ಕಲಿಸುವುದು ಕಷ್ಟ.

ನಿಮ್ಮ ಮರಿಗೆ ಆಗಲೇ ನಾಲ್ಕೈದು ತಿಂಗಳಾಗಿದ್ದರೆ ಕಾಲ ಮೀರಿತು ಎಂದು ಕೈಬಿಡಬೇಡಿ. ದಾರಿ ಅದೇ, ಹಿಡಿಯುವ ಹೊತ್ತು ಮಾತ್ರ ಹೆಚ್ಚು.

ಮನೆಗೆ ಬಂದ ಮೊದಲ ದಿನಗಳು

ಮರಿಗೆ ಅಡಗಿಕೊಳ್ಳಲು ಅದರದೇ ಒಂದು ಜಾಗ ಮಾಡಿಕೊಡಿ. ಬಾಯಿ ತೆರೆದ ರಟ್ಟಿನ ಪೆಟ್ಟಿಗೆ ಸಾಕು. ಅಡ್ಡ ಮಲಗಿಸಿದ ಪ್ಲಾಸ್ಟಿಕ್ ಕ್ರೇಟೂ ಆದೀತು. ಒಳಗೆ ಒಣ ಗೋಣಿ, ಮೇಲೊಂದು ಹಳೆ ಕಂಬಳಿ. ಜನ ಓಡಾಡುವ ದಾರಿಯಲ್ಲಿ ಇಡಬೇಡಿ, ಹಾಗಂತ ಯಾರೂ ಕಾಣದ ಕತ್ತಲೆ ಕೋಣೆಗೂ ತಳ್ಳಬೇಡಿ. ಮನೆಯವರ ದನಿ ಕೇಳುವ, ಒಲೆಯ ಬಿಸಿ ಸ್ವಲ್ಪ ತಾಗುವ ಮೂಲೆ ಒಳ್ಳೆಯದು. ಮಳೆಗಾಲದಲ್ಲಿ ತಂದ ಮರಿಯಾದರೆ ಇನ್ನೊಂದು ಸಂಗತಿ ನೋಡಿ: ಹಂಚಿನ ಮಾಡಿನ ಕೆಳಗೆ ಮಳೆಯ ಸದ್ದು ಮೆತ್ತಗಿರುತ್ತದೆ, ತಗಡಿನ ಶೀಟಿನ ಕೆಳಗೆ ದೊಡ್ಡವರ ಮಾತೇ ಕೇಳಿಸುವುದಿಲ್ಲ. ಶೀಟು ಹೊದಿಸಿದ ಹಿತ್ತಿಲ ಮಾಡಿನಲ್ಲಿ ಪುಕ್ಕಲು ಮರಿಯನ್ನು ಮಲಗಿಸಬೇಡಿ.

ಆ ಜಾಗದಲ್ಲಿ ಇದ್ದಾಗ ಯಾರೂ ಕೈಹಾಕಿ ಹೊರಗೆಳೆಯಬಾರದು. ಇದು ಮನೆಯ ಕಾನೂನಾಗಬೇಕು, ಮುಖ್ಯವಾಗಿ ಬೇಸಿಗೆ ರಜೆಗೆ ಬಂದ ಮಕ್ಕಳಿಗೆ.

ಊಟ, ಹೊರಗೆ ಕರೆದೊಯ್ಯುವುದು, ಮಲಗುವುದು ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗಿರಲಿ. ಮುಂದೆ ಏನಾಗುತ್ತದೆ ಎಂದು ಗೊತ್ತಿರುವುದೇ ಅಂಜುವ ಪ್ರಾಣಿಗೆ ಅರ್ಧ ಧೈರ್ಯ. ಎಳೆಯ ಮರಿಗೆ ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮರಿ ಪ್ರತಿಯೊಂದಕ್ಕೂ ಬೆಚ್ಚುತ್ತದೆ. ರಾತ್ರಿ ಒಂಟಿಯಾಗಿ ಅತ್ತರೆ ಅಳಲಿ ಎಂದು ಬಿಡಬೇಡಿ, ಮೊದಲ ಕೆಲವು ರಾತ್ರಿ ಅದರ ಪೆಟ್ಟಿಗೆಯನ್ನು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಿ.

ಒಂದು ತಪ್ಪು ನಂಬಿಕೆಯನ್ನು ಇಲ್ಲೇ ಬಿಡಿಸಿಬಿಡಬೇಕು. ಹೆದರಿದಾಗ ಮುದ್ದಿಸಿದರೆ ಹೆದರಿಕೆ ಬಲಿಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಹೆದರಿಕೆ ಮರಿ ಬೇಕೆಂದು ಮಾಡುವ ಚೇಷ್ಟೆಯಲ್ಲ, ಹಾಗಾಗಿ ಸಮಾಧಾನ ಮಾಡಿದ್ದಕ್ಕೆ ಅದು ಹೆಚ್ಚುವುದೂ ಇಲ್ಲ. ನಿಮ್ಮ ಬಳಿ ಬಂದು ಒರಗಿಕೊಂಡರೆ ಒರಗಲಿ, ಮೆಲ್ಲಗೆ ಮಾತಾಡಿಸಿ, ಬೆನ್ನ ಮೇಲೆ ಕೈಯಿಡಿ. ಬೇಡವಾಗಿ ಪೆಟ್ಟಿಗೆಗೆ ಹೋದರೆ ಹೋಗಲಿ.

ಜನರನ್ನು ಪರಿಚಯಿಸುವುದು

ನಮ್ಮಲ್ಲಿ ನೆಂಟರಿಗೆ ಮರಿ ಕಂಡರೆ ಎತ್ತಿಕೊಳ್ಳದೆ ಮನಸ್ಸು ತಡೆಯುವುದಿಲ್ಲ. ಬಗ್ಗಿ, ಕಣ್ಣಿಗೆ ಕಣ್ಣಿಟ್ಟು, ತಲೆಯ ಮೇಲಿಂದ ಕೈ ತಂದು "ಬಾ ಬಾ ಬಾ" ಅನ್ನುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ನೆಲದಿಂದ ಒಂದು ಗೇಣು ಎತ್ತರವಿರುವ ಜೀವಕ್ಕೆ ಅದು ಮೈಮೇಲೆ ಬಿದ್ದ ಹಾಗೆ.

ಬಂದವರಿಗೆ ದಣಪೆಯ (ಬೇಲಿಬಾಗಿಲಿನ) ಬಳಿಯೇ ಹೇಳಿಬಿಡಿ: ಮರಿಯನ್ನು ನೋಡಬೇಡಿ, ಕರೆಯಬೇಡಿ, ಜಗಲಿಯ ಮೇಲೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ಬೇಕಾದರೆ ಎಲೆಅಡಿಕೆ ಹಾಕಿಕೊಳ್ಳುತ್ತ ಮಾತಾಡುತ್ತಿರಿ. ಅವರ ಕೈಗೆ ಕಡಲೆಕಾಳಿನ ಗಾತ್ರದ ತಿಂಡಿಯ ಚೂರುಗಳನ್ನು ಕೊಡಿ. ಬೇಯಿಸಿದ ಮೊಟ್ಟೆ, ಉಪ್ಪುಖಾರ ಹಾಕದ ಕೋಳಿ. ಮನೆಯಲ್ಲಿ ಅದು ಆಗದಿದ್ದರೆ ಪನೀರ್ ಅಥವಾ ಬೇಯಿಸಿದ ಗೆಣಸು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಯಾವತ್ತೂ ಬೇಡ, ನಾಯಿಗೆ ಅವು ವಿಷ.

ಈಗ ಮುಖ್ಯವಾದ ಉಪಾಯ. ಸಾಮಾನ್ಯವಾಗಿ ಜನ ತಿಂಡಿಯನ್ನು ಕೈಯಲ್ಲಿ ಹಿಡಿದು ಮರಿಯನ್ನು ಹತ್ತಿರಕ್ಕೆ ಸೆಳೆಯುತ್ತಾರೆ. ಮರಿ ಆಸೆಗೆ ಕತ್ತು ಉದ್ದ ಮಾಡಿ ಬರುತ್ತದೆ, ಹಿಂಗಾಲು ಮಾತ್ರ ಹಿಂದಕ್ಕೇ ಜಗ್ಗುತ್ತಿರುತ್ತದೆ. ತಿಂಡಿ ಬಾಯಿಗೆ ಹೋದ ಕ್ಷಣ ತಾನು ಎಲ್ಲಿದ್ದೇನೆಂದು ಗೊತ್ತಾಗಿ ಬೆಚ್ಚಿ ಓಡುತ್ತದೆ. ಹೀಗೆ ಮಾಡುವ ಬದಲು ನೆಂಟರು ಚೂರನ್ನು ಮರಿಯ ಹಿಂದಕ್ಕೆ, ಅದನ್ನು ದಾಟಿ ಬೀಳುವಂತೆ ಎಸೆಯಲಿ. ಮರಿ ತಿರುಗಿ ದೂರ ಹೋಗಿ ತಿನ್ನುತ್ತದೆ, ದೂರ ಹೋದದ್ದರಿಂದ ನೆಮ್ಮದಿ ಬೇರೆ. ಆಮೇಲೆ ಇನ್ನೊಂದು ಸಿಕ್ಕೀತೇ ಎಂದು ತಾನಾಗಿ ತಿರುಗಿ ನೋಡುತ್ತದೆ, ಒಂದು ಹೆಜ್ಜೆ ಮುಂದೆ ಇಡುತ್ತದೆ. ಮತ್ತೆ ಹಿಂದಕ್ಕೆ ಎಸೆಯಿರಿ. ಪ್ರತಿಸಲ ಅದು ವಾಪಸು ಬರುವ ದೂರ ಕಮ್ಮಿಯಾಗುತ್ತ ಬರುವುದನ್ನು ನೀವೇ ಕಾಣುತ್ತೀರಿ. ಒಂದು ದಿನ ಬಂದು ಅವರ ಪಾದ ಮೂಸುತ್ತದೆ. ಆಗಲೂ ಮುಟ್ಟಬಾರದು. ಮೂಸಿ ಹೋಗಲು ಬಿಟ್ಟರೆ ಮುಂದಿನ ಸಲ ಇನ್ನಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ.

ಮುಟ್ಟುವ ಹಂತ ಬಂದಾಗ ತಲೆಯ ಮೇಲಲ್ಲ, ಗದ್ದದ ಕೆಳಗೆ ಅಥವಾ ಎದೆಯ ಬದಿಯಲ್ಲಿ ಸವರಿ. ಮೂರು ಸಲ ಸವರಿ ಕೈ ತೆಗೆಯಿರಿ. ಮೂತಿ ಚಾಚಿ ಮತ್ತೆ ಕೇಳಿದರೆ ಮುಂದುವರಿಸಿ, ಸುಮ್ಮನಿದ್ದರೆ ಅಷ್ಟಕ್ಕೇ ಬಿಡಿ.

ಬರೀ ಮನೆಯವರನ್ನೇ ಕಂಡು ಬೆಳೆದ ಮರಿಗೆ ಕೊಡೆ ಹಿಡಿದವರು, ಕಂಬಳಿಕೊಪ್ಪೆ ಹೊದ್ದವರು, ಹೆಲ್ಮೆಟ್ ಹಾಕಿದವರು, ಊರುಗೋಲು ಹಿಡಿದ ಅಜ್ಜ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತವರು ಮನುಷ್ಯರ ಹಾಗೆ ಕಾಣುವುದೇ ಇಲ್ಲ. ಜಡಿಮಳೆ ಶುರುವಾಗುವ ಮುಂಚೆಯೇ ಮನೆಯವರೇ ಕೊಡೆ ಬಿಚ್ಚಿ ನೆಲದ ಮೇಲಿಟ್ಟು ಸುತ್ತ ತಿಂಡಿ ಚೆಲ್ಲಿ. ದೂರದಲ್ಲಿ ಕೊಡೆ ಬಿಚ್ಚುವುದು, ಮಡಚುವುದು ಮಾಡಿ ಅಭ್ಯಾಸ ಮಾಡಿಸಿ.

ಸದ್ದು

ಮಲೆನಾಡು ಶಾಂತ ಎನ್ನುವವರು ಸುಗ್ಗಿಯಲ್ಲಿ ಬಂದು ನೋಡಬೇಕು. ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಮಿಷನ್, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಮೋಟರು, ಮಂಗ ಓಡಿಸಲು ಹಾರಿಸುವ ಪಟಾಕಿ, ಇವೆಲ್ಲದರ ಮಧ್ಯೆ ಮರಿ ಬೆಳೆಯಬೇಕು. ಒಂದು ಕೆಟ್ಟ ದಿನ ಸಾಕು, ಆಯುಷ್ಯವಿಡೀ ಆ ಸದ್ದಿಗೆ ಹೆದರಬಹುದು.

ಇಲ್ಲಿ ಕ್ರಮ ತಪ್ಪಬಾರದು: ಮೊದಲು ಸದ್ದು, ಅದರ ಬೆನ್ನಿಗೇ ತಿಂಡಿ. ತಿಂಡಿ ಕೊಡುತ್ತ ಇರುವಾಗ ಸದ್ದು ಮಾಡಿದರೆ ಮರಿ ತಿಂಡಿಯನ್ನೇ ಅನುಮಾನಿಸಲು ಕಲಿಯುತ್ತದೆ. ಸದ್ದು ನಿಂತರೆ ತಿಂಡಿಯೂ ನಿಲ್ಲಬೇಕು. ಸದ್ದೇ ಒಳ್ಳೆಯದನ್ನು ಕರೆತರುತ್ತದೆ ಎಂದು ಮರಿಗೆ ಅರ್ಥವಾಗಬೇಕಾದರೆ ಬೇರೆ ದಾರಿ ಇಲ್ಲ.

ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಸುಲಿಯುವ ಯಂತ್ರಕ್ಕೆ ಮರಿಯನ್ನು ಒಗ್ಗಿಸಿದ ರೀತಿ ಇದು. ಮೊದಲ ಕೆಲವು ದಿನ ಯಂತ್ರ ಬಂದ್. ನಿಂತ ಯಂತ್ರದ ಸುತ್ತ ಸಿಪ್ಪೆಯ ರಾಶಿಯಲ್ಲಿ ಮೊಟ್ಟೆಯ ಚೂರು ಚೆಲ್ಲಿದರು, ಮರಿ ಮೂತಿ ತೂರಿಸಿ ಹುಡುಕಿ ತಿಂದಿತು. ಆಮೇಲೆ ಯಂತ್ರ ಶುರು ಮಾಡಿದಾಗ ಮರಿ ಇದ್ದದ್ದು ತೋಟದ ತುದಿಯಲ್ಲಿ, ಸದ್ದು ಬರೀ ಗುಂಯ್ ಅನ್ನುವಷ್ಟು ದೂರ. ಕಿವಿ ಆ ಕಡೆಗೆ ತಿರುಗಿತು, ಒಂದು ಚೂರು ಸಿಕ್ಕಿತು. ಯಂತ್ರ ನಿಂತಿತು, ಏನೂ ಇಲ್ಲ. ಮತ್ತೆ ಶುರುವಾಯಿತು, ಮತ್ತೊಂದು ಚೂರು. ಸದ್ದು ಕೇಳಿದ ಕೂಡಲೇ ಕಿವಿ ತಿರುಗುವ ಬದಲು ಮರಿ ಯಜಮಾನರ ಜೇಬಿನ ಕಡೆ ನೋಡತೊಡಗಿದಾಗ ಅವರು ಹತ್ತು ಹೆಜ್ಜೆ ಹತ್ತಿರ ಬಂದರು. ಆ ನೋಟವೇ ಗುರುತು. ಅದು ಬರುವ ತನಕ ಒಂದು ಹೆಜ್ಜೆಯೂ ಮುಂದಿಡಬೇಡಿ.

ಮಿಕ್ಸಿ, ಗ್ರೈಂಡರ್, ಕುಕ್ಕರ್ ಸೀಟಿಗೂ ಇದೇ ರೀತಿ. ಪಟಾಕಿ ಮತ್ತು ಗುಡುಗಿಗೆ ಧ್ವನಿಮುದ್ರಣ ಬಳಸಬಹುದು. ಕೇಳಿಯೂ ಕೇಳಿಸದಷ್ಟು ಮೆತ್ತಗೆ ಶುರುಮಾಡಿ, ವಾರಗಟ್ಟಲೆ ತೆಗೆದುಕೊಂಡು ಏರಿಸಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಗುಡುಗಿನ ಆಳದ ದನಿ ಬರುವುದಿಲ್ಲ, ದೊಡ್ಡ ಸ್ಪೀಕರ್ ಬೇಕು. ಅದೂ ಅರ್ಧ ಕೆಲಸವೇ, ಏಕೆಂದರೆ ನಿಜವಾದ ಗುಡುಗಿನ ಜೊತೆ ಮಿಂಚು, ಗಾಳಿ, ಮಳೆಯ ವಾಸನೆ ಎಲ್ಲ ಬರುತ್ತವೆ. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗಿನಲ್ಲಿ ಬಾಗಿಲು ಕಿಟಕಿ ಹಾಕಿ, ರೇಡಿಯೊ ಹಚ್ಚಿ, ಗುಡುಗಿದಾಗಲೆಲ್ಲ ತಿಂಡಿ ಎಸೆದು ಆಟದ ಹಾಗೆ ಮಾಡಿಬಿಡಿ.

ಆಟದಲ್ಲೇ ಧೈರ್ಯ

ತಾನೇ ಏನನ್ನೋ ಸಾಧಿಸಿದ ಮರಿಗೆ ಬರುವ ಗಟ್ಟಿತನ ಎಷ್ಟು ಸಮಾಧಾನ ಮಾಡಿದರೂ ಬರುವುದಿಲ್ಲ. ಇದಕ್ಕೆ ಅಂಗಡಿಯ ಆಟಿಕೆ ಬೇಡ, ಅಡಿಕೆ ತೋಟವೇ ಸಾಕು. ಒಂದು ಅಡಿಕೆ ಹಾಳೆಯನ್ನು ಕವುಚಿಟ್ಟು ಕೆಳಗೆ ತಿಂಡಿ ಇಡಿ. ಮೊದಲು ಅದು ಅಲುಗಿದರೂ ಹಾರಿಬೀಳುತ್ತದೆ, ಆಮೇಲೆ ಮೂತಿಯಿಂದ ತಳ್ಳುತ್ತದೆ, ಕೊನೆಗೆ ಕಾಲಲ್ಲಿ ಕೆದರಿ ಬೀಳಿಸುತ್ತದೆ. ಒಣ ಸೋಗೆ ಹಾಸಿ ಅದರ ಮೇಲೆ ನಡೆದು ತಿಂಡಿ ಹುಡುಕಲು ಬಿಡಿ, ಕಾಲಡಿ ಚರಚರ ಅನ್ನುವುದು ರೂಢಿಯಾಗುತ್ತದೆ. ಸಗಣಿ ಸಾರಿಸಿದ ಅಂಗಳ, ನುಣುಪು ಟೈಲ್ಸ್, ಒದ್ದೆ ಹುಲ್ಲು, ಗೋಣಿ, ಜಲ್ಲಿ, ಹಳ್ಳದ ಸಂಕ (ಕಾಲುಸೇತುವೆ): ಕಾಲಿಗೆ ಎಷ್ಟು ಬಗೆಯ ನೆಲ ತಾಗಿದರೆ ಅಷ್ಟು ಒಳ್ಳೆಯದು. ಎತ್ತಿ ಇಡಬೇಡಿ, ತಾನೇ ಕಾಲಿಡಲಿ.

ದಿನದ ಒಂದು ಹೊತ್ತಿನ ಊಟವನ್ನು ತಟ್ಟೆಗೆ ಹಾಕುವ ಬದಲು ಹುಲ್ಲಿನ ಮೇಲೆ ಚೆಲ್ಲಿ. ಮೂಸಿ ಹುಡುಕುವುದು ನಾಯಿಯ ಮನಸ್ಸನ್ನು ತಣ್ಣಗಾಗಿಸುತ್ತದೆ.

ಅಂಗೈಗೆ ಮೂಗು ತಾಗಿಸುವುದನ್ನೂ ಕಲಿಸಿ. ಅಂಗೈ ಚಾಚಿ, ಮರಿ ಮೂಸಲು ಬಂದು ಮೂಗು ತಾಗಿದ ಕ್ಷಣ "ಭೇಷ್" ಎಂದು ತಿಂಡಿ ಕೊಡಿ. ಮುಂದೆ ಹೊಸ ಜಾಗದಲ್ಲಿ ಕಂಗೆಟ್ಟಾಗ ಅಂಗೈ ತೋರಿಸಿದರೆ ಗೊತ್ತಿರುವ ಕೆಲಸ ಸಿಕ್ಕಿದ ನೆಮ್ಮದಿಯಲ್ಲಿ ನಿಮ್ಮ ಕಡೆ ಬರುತ್ತದೆ.

ಅಂಗಳದಾಚೆಗೆ

ಎಲ್ಲ ಚುಚ್ಚುಮದ್ದು ಮುಗಿಯುವ ತನಕ ಹೊರಗೆ ಬಿಡಬೇಡಿ ಎಂಬ ಮಾತಿದೆ. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಅಂಟುರೋಗಗಳ ಭಯ ನಿಜವೇ. ಆದರೆ ಆರೆಂಟು ವಾರಕ್ಕೆ ಶುರುವಾಗುವ ಲಸಿಕೆ ಮೂರು–ನಾಲ್ಕು ವಾರಕ್ಕೊಮ್ಮೆ ಸಾಗಿ ಹದಿನಾರನೇ ವಾರದ ಹೊತ್ತಿಗೆ ಮುಗಿಯುತ್ತದೆ, ಅಷ್ಟರಲ್ಲಿ ಕಲಿಯುವ ಕಾಲವೂ ಮುಗಿದಿರುತ್ತದೆ. ಮೊದಲ ಲಸಿಕೆಯಾಗಿ ಕನಿಷ್ಠ ಏಳು ದಿನ ಕಳೆದ ಮೇಲೆ ಎಚ್ಚರಿಕೆಯಿಂದ ಹೊರಲೋಕ ತೋರಿಸಬಹುದು ಎಂದು ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘ 2008ರಲ್ಲೇ ಹೇಳಿದೆ. ನೆಲಕ್ಕೆ ಬಿಡದೆ ಎದೆಗವಚಿಕೊಂಡು ಹೋಗಿ. ಶಿವಮೊಗ್ಗದಲ್ಲಿದ್ದರೆ ಗಾಂಧಿ ಬಜಾರ್ ಬೇಡ, ಅಷ್ಟು ಜನರ ನೂಕುನುಗ್ಗಲು ದೊಡ್ಡ ನಾಯಿಗೂ ಕಷ್ಟ. ಬೆಳಿಗ್ಗೆ ಬೇಗ ನಿಮ್ಮ ಬಡಾವಣೆಯ ಗಲ್ಲಿಯಲ್ಲಿ, ಬಸ್ಸು ಓಡಾಡುವ ರಸ್ತೆಯಿಂದ ಸಾಕಷ್ಟು ದೂರ ಕಟ್ಟೆಯ ಮೇಲೆ ಕೂತು ಐದು ನಿಮಿಷ ನೋಡಲು ಬಿಟ್ಟು ವಾಪಸು ಬನ್ನಿ. ಬೀದಿನಾಯಿಗಳ ಗುಂಪಿನ ಹತ್ತಿರ ಹೋಗಬೇಡಿ. ಪರಿಚಯದವರ ಮನೆಯಲ್ಲಿ ಲಸಿಕೆಯಾದ, ಸಮಾಧಾನದ ಸ್ವಭಾವದ ದೊಡ್ಡ ನಾಯಿಯಿದ್ದರೆ ಅದರ ಜೊತೆ ಬಿಡಿ. ಅದು ನೆಮ್ಮದಿಯಾಗಿರುವುದನ್ನು ನೋಡಿಯೇ ಮರಿ ಎಷ್ಟೋ ಕಲಿಯುತ್ತದೆ.

ಕುತ್ತಿಗೆಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಬೆಚ್ಚಿದ ಮರಿ ತಲೆ ಹಿಂದಕ್ಕೆಳೆದು ಪಟ್ಟಿಯಿಂದ ನುಣುಚಿಕೊಂಡು ರಸ್ತೆಗೆ ಓಡುವುದು ಸಾಮಾನ್ಯ. ಹಗ್ಗ ಸಡಿಲವಾಗಿರಲಿ, ಮರಿ ನಿಂತರೆ ನೀವೂ ನಿಲ್ಲಿ, ಜಗ್ಗಬೇಡಿ.

ತೋಟ, ಬ್ಯಾಣದ (ಹುಲ್ಲುಗಾವಲಿನ) ಕಡೆ ಹೋದರೆ ಮಳೆಗಾಲದಲ್ಲಿ ಇಂಬಳ (ಜಿಗಣೆ), ಬೇಸಿಗೆಯಲ್ಲಿ ಉಣುಗು (ಉಣ್ಣೆ). ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಡಿಸೆಂಬರಿನಿಂದ ಮೇ ತನಕ ಕಾಡಂಚಿಗೆ ಕರೆದೊಯ್ಯದಿರುವುದು ನಿಮಗೂ ಕ್ಷೇಮ. ಬಂದ ಮೇಲೆ ಕಿವಿ, ಕಂಕುಳು, ಬೆರಳ ಸಂದು ಹುಡುಕಿ, ಉಣುಗಿನ ಔಷಧಿಯನ್ನು ಪಶುವೈದ್ಯರನ್ನು ಕೇಳಿ ಹಾಕಿ. ಈ ಹುಡುಕಾಟವನ್ನು ತಿಂಡಿ ಕೊಡುತ್ತ ಮಾಡಿದರೆ ಮೈಮುಟ್ಟಿಸಿಕೊಳ್ಳುವ ಅಭ್ಯಾಸವೂ ಆದಂತಾಗುತ್ತದೆ. ಕೊಳೆ ಔಷಧಿ ಹೊಡೆಯುವ ದಿನ ಮರಿ ಮನೆಯೊಳಗಿರಲಿ, ಅದರಲ್ಲಿರುವ ಮೈಲುತುತ್ತದ ನೀರು ನೆಕ್ಕಿದರೆ ಅಪಾಯ. ಕತ್ತಲಾದ ಮೇಲೆ ಮರಿಯನ್ನು ಹೊರಗೆ ಬಿಡುವುದಾಗಲಿ ಕಟ್ಟುವುದಾಗಲಿ ಬೇಡವೇ ಬೇಡ. ಚಿರತೆಗೆ ನಾಯಿ ಸುಲಭದ ಬೇಟೆ.

ಪಶು ಆಸ್ಪತ್ರೆ

ಚುಚ್ಚಿಸಿಕೊಳ್ಳಲಷ್ಟೇ ಆಸ್ಪತ್ರೆಗೆ ಹೋದ ಮರಿ ಆ ಬಾಗಿಲನ್ನು ಮರೆಯುವುದಿಲ್ಲ. ಜನ ಕಮ್ಮಿ ಇರುವ ಹೊತ್ತಿನಲ್ಲಿ ಸುಮ್ಮನೆ ಹೋಗಿ, ತೂಕ ನೋಡಿ, ತಿಂಡಿ ತಿನ್ನಿಸಿ ಬನ್ನಿ. ತಾಲ್ಲೂಕು ಪಶು ಆಸ್ಪತ್ರೆಯಾಗಲಿ, ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಾಗಲಿ, ಸರದಿ ಬರುವ ತನಕ ಬೇರೆ ನಾಯಿಗಳಿಂದ ದೂರ, ಹೊರಗಿನ ಮರದಡಿಯಲ್ಲೋ ಕಾರಿನಲ್ಲೋ ಕಾಯಿರಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ ತಪ್ಪದೆ ಹಾಕಿಸಿ. ಇಲಿಜ್ವರ ನಾಯಿಗೂ ಬರುತ್ತದೆ, ನಮ್ಮ ಮಳೆಯ ಸೀಮೆಯಲ್ಲಿ ಅದರ ಲಸಿಕೆಯ ಬಗ್ಗೆಯೂ ವಿಚಾರಿಸಿ.

ದೀಪಾವಳಿ

ಹಬ್ಬಕ್ಕೆ ಎರಡು ತಿಂಗಳ ಮುಂಚೆ, ಶ್ರಾವಣದಲ್ಲೇ ಸದ್ದಿನ ಅಭ್ಯಾಸ ಶುರುವಾಗಬೇಕು. ಹಬ್ಬದ ದಿನಗಳಲ್ಲಿ ಹೊಸದೇನನ್ನೂ ಕಲಿಸಲು ಹೋಗಬೇಡಿ. ಬೆಳಕಿರುವಾಗಲೇ ತಿರುಗಾಡಿಸಿ, ಸಂಜೆಯ ಊಟ ಬೇಗ ಹಾಕಿ, ಒಳಕೋಣೆಯಲ್ಲಿ ಯಾರಾದರೊಬ್ಬರು ಜೊತೆಗೆ ಕೂರಿ. ಮಲೆನಾಡಿನ ಮನೆಗಳಿಗೆ ಇನ್ನೊಂದು ವಿಶೇಷವಿದೆ: ನಡುರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಅಂಗಳಕ್ಕೆ ಬರುತ್ತಾರೆ. ಗೊತ್ತಿಲ್ಲದ ಹತ್ತಾರು ಜನ, ಕತ್ತಲು, ಹಾಡು, ಎಲ್ಲವೂ ಒಟ್ಟಿಗೆ. ಆ ಹೊತ್ತಿಗೆ ಮರಿ ಒಳಗೇ ಇರಲಿ, ಕಿಟಕಿಯಾಚೆಯ ಹಾಡು ಕೇಳುತ್ತ ತಿಂಡಿ ತಿನ್ನಲಿ.

ಮನುಷ್ಯರ ನಿದ್ದೆಮಾತ್ರೆ, ಪ್ಯಾರಾಸಿಟಮಾಲ್ ಯಾವುದನ್ನೂ ಕೊಡಬೇಡಿ. ಹೆದರಿಕೆ ತೀರಾ ಹೆಚ್ಚಿದ್ದರೆ ನಾಯಿಗೆಂದೇ ಇರುವ ಔಷಧಿಗಳಿವೆ, ಹಬ್ಬಕ್ಕೆ ಸಾಕಷ್ಟು ಮುಂಚೆಯೇ ವೈದ್ಯರ ಜೊತೆ ಮಾತಾಡಿ.

ಯಾವಾಗ ಸಹಾಯ ಕೇಳಬೇಕು

ಚೆನ್ನಾಗಿದ್ದ ಮರಿ ಇದ್ದಕ್ಕಿದ್ದಂತೆ ಅಂಜತೊಡಗಿದರೆ, ಮುಟ್ಟಿದರೆ ಕುಂಯ್ ಅಂದರೆ, ಮೊದಲು ನೋವು ಹುಡುಕಿ. ಕಿವಿಯ ಸೋಂಕು, ಕಾಲಿನ ಪೆಟ್ಟು, ಹೊಟ್ಟೆಹುಳು ಯಾವುದೂ ಇರಬಹುದು. ಒಂದು ದಿನ ಪೂರ್ತಿ ಊಟ ಬಿಟ್ಟ ಎಳೆಮರಿಯನ್ನು ಅಂದೇ ವೈದ್ಯರಿಗೆ ತೋರಿಸಿ. ಯಾರಿಗಾದರೂ ಹಲ್ಲು ತಾಗಿ ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಮರಿ ಮನೆಯದೇ ಆದರೂ ಆಸ್ಪತ್ರೆಗೆ ಹೋಗಿ.

ಆರು ತಿಂಗಳಿಂದ ಹದಿನಾಲ್ಕು ತಿಂಗಳ ನಡುವೆ ಇನ್ನೊಂದು ಹಂತ ಬರುವುದುಂಟು. ದಿನವೂ ದಾಟುತ್ತಿದ್ದ ಸಂಕದ ಮುಂದೆ ಒಂದು ಬೆಳಿಗ್ಗೆ ನಿಂತುಬಿಡುತ್ತದೆ, ಅಡಿಕೆ ಕೊನೆ ಕೊಯ್ಯಲು ಬರುವ ಪರಿಚಯದ ಕೊನೆಗಾರನನ್ನೇ ಕಂಡು ಬೊಗಳುತ್ತದೆ. ಮಾಡಿದ್ದೆಲ್ಲ ನೀರಿಗೆ ಹೋಯಿತು ಎಂದು ಸಿಟ್ಟಾಗಬೇಡಿ, ಬೆಳೆಯುವ ನಾಯಿಯಲ್ಲಿ ಇದು ಸಹಜ. ತಿಂಡಿ ತಿನ್ನುವ ದೂರಕ್ಕೆ ವಾಪಸು ಹೋಗಿ ಅಲ್ಲಿಂದ ಮತ್ತೆ ಶುರುಮಾಡಿ. ಎರಡನೆಯ ಸಲ ಅದೇ ದಾರಿ ಬೇಗ ಸವೆಯುತ್ತದೆ.